ಜಗಲಿಯ ಗಾಳಿ

ನಮ್ಮ ನೆಂಟರಿಷ್ಟರಲ್ಲಿ ಅಪ್ಪನ ದೂರದೃಷ್ಟಿಯ ಬಗ್ಗೆ ಒಂದು ಕಥೆ ಓಡಾಡುತ್ತಿದೆ. ಮದುವೆಯ ಊಟದ ಪಂಕ್ತಿಯಲ್ಲಿ, ಸುಳ್ಯಕ್ಕೆ ಹೋಗುವ ಬಸ್ಸಿನಲ್ಲಿ, ಬೊಂಬಾಯಿಯ ಮಾತು ಬಂದಲ್ಲೆಲ್ಲ ಅದೂ ಬರುತ್ತದೆ. ಬೊಂಬಾಯಿಯ ಗಾಳಿಯಲ್ಲಿ ಕಣ್ಣಿಗೆ ಕಾಣದ ಕಿಲುಬು ತುಂಬಿದೆಯೆಂದು ಅವರಿಗೆ ಎಲ್ಲರಿಗಿಂತ ಮೊದಲೇ ಗೊತ್ತಾಗಿತ್ತಂತೆ. ಸೊಸೆಯ ಎದೆ ಮೊದಲೇ ಮೆತ್ತಗೆ. ಮಗ ಅವಳನ್ನು ಅಲ್ಲಿಗೆ ಕರೆದುಕೊಂಡು ಹೋಗಲು ಹೊರಟಾಗ ಅಡ್ಡ ನಿಂತು, ನಮ್ಮ ಹಳ್ಳಿ ಮಂಡೆಕೋಲಿನ ಒಳ್ಳೆಯ ಹವೆಯಲ್ಲೇ ಉಳಿಸಿಕೊಂಡರಂತೆ. ಸ್ವಂತ ಮಗನ ಮನಸ್ಸು ನೋಯಿಸಿಯಾದರೂ ಸೊಸೆಯ ಜೀವ ಕಾಪಾಡಿದ ಮಾವ ಎಂದು ಹೇಳುವಾಗ ಹೆಂಗಸರು ಕೂಡ ತಲೆದೂಗುತ್ತಾರೆ.

ಈ ಕಥೆಯಲ್ಲಿ ಒಪ್ಪಬಹುದಾದದ್ದನ್ನು ಮೊದಲು ಒಪ್ಪಿಬಿಡುತ್ತೇನೆ. ಬೊಂಬಾಯಿಯ ಗಾಳಿ ಕೆಟ್ಟದ್ದು, ಸರಿ. ಅತ್ತಿಗೆಗೆ ಕೆಮ್ಮು ಇತ್ತು, ಅದೂ ಸರಿ. ಅಪ್ಪ ಅಡ್ಡ ನಿಂತರು, ಅದಂತೂ ನೂರಕ್ಕೆ ನೂರು ಸರಿ. ನನ್ನ ತಕರಾರು ಇರುವುದು ‘ಮಂಡೆಕೋಲಿನ ಒಳ್ಳೆಯ ಹವೆ’ ಎಂಬಲ್ಲಿ ಮಾತ್ರ. ಆ ಹವೆ ಇದ್ದದ್ದು ಎಲ್ಲಿ? ಅದನ್ನು ಸೇವಿಸುತ್ತಿದ್ದವರು ಯಾರು? ಕಥೆ ಹೇಳುವವರಲ್ಲಿ ಒಬ್ಬರಾದರೂ ನಮ್ಮ ಜಗಲಿ ದಾಟಿ ಒಳಗೆ ಬಂದಿದ್ದರೇ?

ಆಗ ನಾನು ಕುಂಬ್ರದ ಚಿಕ್ಕಮ್ಮನ ಮನೆಯಲ್ಲಿ ಉಳಿದು ಪುತ್ತೂರಿನ ಕಾಲೇಜಿಗೆ ಹೋಗುತ್ತಿದ್ದೆ. ಚರ್ಚಾಸ್ಪರ್ಧೆಗಳಲ್ಲಿ ಮಾತಾಡುತ್ತಿದ್ದೆ. ನಗರ ಮೇಲೆಂದು ವಾದಿಸಲು ಹೇಳಿದರೆ ನಗರ ಮೇಲು, ಹಳ್ಳಿ ಮೇಲೆಂದರೆ ಹಳ್ಳಿ. ನಮಗೆ ಕಲಿಸುತ್ತಿದ್ದ ಉಪನ್ಯಾಸಕರು, ಎದುರಿನವರು ಏನೇ ಹೇಳಲಿ, ‘ನಿನಗೆ ಹೇಗೆ ಗೊತ್ತು’ ಎಂದು ಮೊದಲು ಕೇಳಿ ಎನ್ನುತ್ತಿದ್ದರು. ಆ ಪ್ರಶ್ನೆಯಿಂದ ಕಾಲೇಜಿನಲ್ಲಿ ಬಹುಮಾನ ಬರುತ್ತಿತ್ತು, ಮನೆಯಲ್ಲಿ ಬೈಗುಳ. ಮನೆಯಲ್ಲಿ ನಾವು ಆಡುತ್ತಿದ್ದುದು ಅರೆಭಾಷೆ. ಇಲ್ಲಿ ನಮ್ಮ ಕಡೆಯ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಜಗಳದ ಅರ್ಥವೇನೂ ಇದರಿಂದ ಬದಲಾಗುವುದಿಲ್ಲ.

ಆ ವರ್ಷ ಬೇಸಿಗೆ ರಜೆಗೆ ನಾನು ಊರಿಗೆ ಬಂದಾಗ ಅಣ್ಣನೂ ಬೊಂಬಾಯಿಯಿಂದ ಬಂದಿದ್ದ. ಅಲ್ಲಿ ಒಂದು ಕಂಪೆನಿಯಲ್ಲಿ ಅವನು ಗುಮಾಸ್ತ. ಪ್ರತಿ ಸಲವೂ ಅವನು ಬಂದ ದಿನ ಜಗಲಿಯಲ್ಲಿ ಒಂದು ಪ್ರದರ್ಶನ ನಡೆಯುತ್ತಿತ್ತು. ಬಿಳಿ ಕರ್ಚೀಫು ತೆಗೆದು, ಎಲ್ಲರ ಎದುರು ಮೂಗು ಸೀಟಿ, ಬಿಡಿಸಿ ತೋರಿಸುತ್ತಿದ್ದ. ಕಪ್ಪು. ನೆರೆಕರೆಯವರು ಬಗ್ಗಿ ನೋಡಿ ‘ಶಿವನೇ’ ಎನ್ನುತ್ತಿದ್ದರು. ಹಬ್ಬಕ್ಕೆ ಬಂದ ನೆಂಟರಿಗೆ ಹೊಸ ಸೀರೆ ತೋರಿಸುವಷ್ಟೇ ಸಂಭ್ರಮದಲ್ಲಿ ನಮ್ಮ ಮನೆಯಲ್ಲಿ ಆ ಕರ್ಚೀಫನ್ನು ತೋರಿಸುತ್ತಿದ್ದರು.

“ನೋಡಿ ಮಾಸ್ಟ್ರೇ,” ಎಂದು ಅಪ್ಪ ಪಕ್ಕದ ಮನೆಯ ಮಾಸ್ಟ್ರಿಗೆ ಹೇಳಿದರು. ಮಾಸ್ಟ್ರು ಶಾಲೆಯಿಂದ ನಿವೃತ್ತರಾದ ಮೇಲೆ ದಿನಾ ಸಂಜೆಯ ಕಾಫಿಗೆ ನಮ್ಮಲ್ಲಿಗೇ ಬರುತ್ತಿದ್ದರು. “ಇದು ಹುಡುಗನ ಎದೆಯಿಂದ ಬಂದದ್ದು. ಮಿಲ್ಲಿನ ಹೊಗೆ. ಅಲ್ಲಿ ಆಕಾಶವೇ ಕಾಣುದಿಲ್ಲವಂತೆ.”

“ಎದೆಯಿಂದ ಅಲ್ಲ ಅಪ್ಪ, ಮೂಗಿನಿಂದ,” ಎಂದೆ ನಾನು. “ಅಣ್ಣ, ನೀನು ರೈಲಲ್ಲಿ ಕಿಟಕಿ ಹತ್ರ ಕೂತಿದ್ಯಾ?”

“ಮತ್ತೆ? ಸೆಕೆಯಲ್ಲಿ ಬೇರೆಲ್ಲಿ ಕೂತ್ಕೊಳ್ಳುದು?”

“ಹಾಗಾದ್ರೆ ಅದು ಇಂಜಿನಿನ ಕಲ್ಲಿದ್ದಲು. ಬೊಂಬಾಯಿದ್ದು ಅಂತ ಹೇಗೆ ಗೊತ್ತು?”

“ಈಗ ಶುರು ಆಯ್ತು,” ಎಂದ ಅಣ್ಣ. ಕರ್ಚೀಫು ಮಡಚಿದ.

ಅದೇ ಹೊತ್ತಿಗೆ ಅತ್ತಿಗೆ ಕಾಫಿ ತಂದಿಟ್ಟು, ಬಾಗಿಲ ಹಿಂದೆ ಸರಿದು ಕೆಮ್ಮತೊಡಗಿದಳು. ಒಂದು ಕೆಮ್ಮು ಇನ್ನೊಂದನ್ನು ಕೈ ಹಿಡಿದು ಎಳೆತಂದ ಹಾಗೆ ಅದು ಮುಂದುವರಿಯಿತು. ಅದು ನಿಲ್ಲುವ ತನಕ ಎಲ್ಲರೂ ಕಾಫಿ ಕುಡಿದರು.

ಆ ಸಂಜೆ ಅಣ್ಣ ತನ್ನ ವಿಷಯ ತೆಗೆದ. ಚಾಳಿನಲ್ಲಿ ಒಂದು ಕೋಣೆ ಸಿಕ್ಕಿದೆ, ಈ ಸಲ ಹೆಂಡತಿಯನ್ನು ಕರೆದುಕೊಂಡು ಹೋಗುತ್ತೇನೆ ಎಂದ. ಅಪ್ಪ ಇಲ್ಲವೆನ್ನಲಿಲ್ಲ. ಬಾಗಿಲಿನ ಕಡೆ ಕೈ ತೋರಿಸಿ, “ಕೇಳ್ತಾ ಉಂಟಲ್ಲ ಈ ಕೆಮ್ಮು? ಇಂಥ ಒಳ್ಳೆ ಹವೆಯಲ್ಲೇ ಹೀಗೆ. ಅಲ್ಲಿ ಹೋದ್ರೆ ಅವಳು ಬದುಕುವವಳಾ?” ಎಂದರು.

ತಾನೇ ಬಿಡಿಸಿ ತೋರಿಸಿದ ಕರ್ಚೀಫು ಅಣ್ಣನ ಬಾಯಿ ಕಟ್ಟಿತ್ತು. ನನಗೆ ಮಾತ್ರ ಆ ತರ್ಕದ ಅಂದ ನೋಡಿ ಮೈ ಜುಮ್ಮೆಂದಿತು. ಅತ್ತಿಗೆ ಕೆಮ್ಮುತ್ತಾಳೆ, ಆದ್ದರಿಂದ ಕೆಟ್ಟ ಗಾಳಿಗೆ ಹೋಗಬಾರದು. ಹೋಗಬಾರದು, ಆದ್ದರಿಂದ ನಮ್ಮ ಅಡಿಗೆ ಕೋಣೆಯಲ್ಲೇ ಇರಬೇಕು. ಅಲ್ಲಿ ಇರುವುದರಿಂದ ಕೆಮ್ಮುತ್ತಾಳೆ. ಯಾವ ಸ್ಪರ್ಧೆಯಲ್ಲೂ ನಾನು ಇಷ್ಟು ಭದ್ರವಾದ ವಾದ ಕೇಳಿರಲಿಲ್ಲ.

ನಮ್ಮ ಅಡಿಗೆ ಕೋಣೆಗೆ ಕಿಟಕಿ ಇರಲಿಲ್ಲ. ಮರೆತದ್ದಲ್ಲ, ಬೇಕೆಂದೇ ಇಡದೆ ಬಿಟ್ಟದ್ದು. ಒಂದು ಬದಿಗೆ ಬಚ್ಚಲು, ಇನ್ನೊಂದು ಬದಿಗೆ ಭತ್ತದ ಕೋಣೆ. ಮೇಲೆ ಬಿದಿರಿನ ಅಟ್ಟ. ಒಲೆಯ ಹೊಗೆ ಅಟ್ಟಕ್ಕೆ ಏರಿ, ಅಲ್ಲಿ ಸುತ್ತಾಡಿ, ಹಂಚಿನ ಸಂದಿಯಲ್ಲಿ ಮೆಲ್ಲನೆ ಹೊರಗೆ ಹೋಗಬೇಕು. ಆಗಲೇ ಹಂಚು ಹೊರುವ ಮರದ ಪಕಾಸಿಗೆ ಹುಳ ಬೀಳುವುದಿಲ್ಲ, ಬುಟ್ಟಿ ಗೆರಸೆಗಳು ಬಾಳಿಕೆ ಬರುತ್ತವೆ, ಬಾಳೆನಾರಿನಲ್ಲಿ ಕಟ್ಟಿ ತೂಗುಹಾಕಿದ ಸೌತೆಕಾಯಿ ಮಳೆಗಾಲ ದಾಟುತ್ತದೆ. ಹೊಗೆಯಿಂದ ಎಲ್ಲದಕ್ಕೂ ಪ್ರಯೋಜನವಿತ್ತು. ಕೆಳಗೆ ಕೂತು ಊದುಕೊಳವೆಯಲ್ಲಿ ಒಲೆ ಊದುವವಳಿಗೂ ಪ್ರಯೋಜನವೇ ಇರಬೇಕೆಂದು ಎಲ್ಲರೂ ಭಾವಿಸಿದ್ದರು.

ಅವ್ವ ಇದ್ದಾಗ ಅಲ್ಲಿ ಅವ್ವ ಕೂರುತ್ತಿದ್ದಳು. ಅವಳೂ ಕೆಮ್ಮುತ್ತಿದ್ದಳು. ಅವಳು ಹೋದ ಮೇಲೆ ಒಲೆಯೂ ಕೆಮ್ಮೂ ಒಟ್ಟಿಗೇ ಅತ್ತಿಗೆಗೆ ಬಂದವು. ‘ಅದು ನಮ್ಮ ಮನೆತನದ ಕೆಮ್ಮು’ ಎಂದು ಅಪ್ಪ ಹೇಳುತ್ತಿದ್ದರು. ಅವ್ವ ಈಶ್ವರಮಂಗಲದ ಕಡೆಯವಳು, ಅತ್ತಿಗೆ ಕಡಬದವಳು. ಇಬ್ಬರೂ ಹೊರಗಿನಿಂದ ಬಂದವರು. ಮನೆತನದಲ್ಲೇ ಹುಟ್ಟಿದ ಅಪ್ಪನಿಗಾಗಲಿ ಅಣ್ಣನಿಗಾಗಲಿ ಆ ಕೆಮ್ಮು ಬಂದಿರಲಿಲ್ಲ. ಇಂಥ ವಂಶಪಾರಂಪರ್ಯ ಬೇರೆ ಎಲ್ಲಾದರೂ ಉಂಟೋ ನನಗೆ ತಿಳಿಯದು.

ಮರುದಿನ ಅತ್ತಿಗೆಯ ಹತ್ತಿರ ಕೂತು, “ನಿನಗೆ ಹೋಗ್ಬೇಕು ಅಂತ ಉಂಟಾ?” ಎಂದು ಕೇಳಿದೆ.

ಅವಳು ಒದ್ದೆ ತೆಂಗಿನ ಗೆರಟೆಯೊಂದನ್ನು ಒಲೆಗೆ ತುರುಕಿ, ಊದಿ, ಕೆಮ್ಮಿ, ಸೆರಗಿನಲ್ಲಿ ಕಣ್ಣೊರಸಿಕೊಂಡಳು. “ಅಲ್ಲಿ ಸ್ಟವ್ ಉಂಟಂತೆ. ಪಂಪ್ ಹೊಡೆದ್ರೆ ಸಾಕಂತೆ, ಊದುದು ಬೇಡವಂತೆ. ಹೌದಾ?”

“ಹೌದು.”

“ಊದುದು ಬೇಡ,” ಎಂದು ಅವಳು ಇನ್ನೊಮ್ಮೆ ಹೇಳಿದಳು. ಸಮುದ್ರ ನೋಡಬೇಕು, ಸಿನಿಮಾ ನೋಡಬೇಕು ಎಂದೇನೂ ಹೇಳಲಿಲ್ಲ. ಮತ್ತೆ ನಕ್ಕು, “ನನ್ನ ಕೆಮ್ಮಿನ ಬಗ್ಗೆ ಜಗಲಿಯಲ್ಲಿ ಮೀಟಿಂಗ್ ಆಗುವಾಗ ನನ್ನನ್ನೂ ಒಂದು ಸಲ ಕರೀರಿ ಮಾರಾಯ್ತಿ. ನಾನೂ ಬಂದು ಕೇಳ್ತೇನೆ,” ಎಂದಳು.

ನಾನು ಅಪ್ಪನ ಮುಂದೆ ಅಡಿಗೆ ಕೋಣೆಯ ಹೊಗೆಯ ವಿಷಯ ಎತ್ತಿದೆ. ಅವರು ತುಂಬ ಶಾಂತವಾಗಿ, “ಆಯ್ತು, ಅವಳಿಗೆ ಹೊಗೆ ಆಗುದಿಲ್ಲ. ರಜೆ ಅಲ್ವಾ ನಿನಗೆ? ನೀನು ಕೂತ್ಕೊ,” ಎಂದರು. ಕೂತೆ. ಸಂಜೆಯ ಹೊತ್ತಿಗೆ ಕಣ್ಣು ಕೆಂಪಾಗಿ, ಗಂಟಲು ಉರಿದು, ಕೆಮ್ಮುತ್ತ ಜಗಲಿಗೆ ಬಂದೆ. ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ ಎಂಬ ಹೆಮ್ಮೆಯೂ ಇತ್ತು. ಅಪ್ಪ ನನ್ನನ್ನು ನೋಡಿ ಮಾಸ್ಟ್ರ ಕಡೆ ತಿರುಗಿದರು. “ಕಂಡ್ರಾ? ಪುತ್ತೂರಿನ ಧೂಳು. ಕಾಲೇಜಿಗೆ ಹಾಕ್ಬೇಡಿ ಅಂತ ಎಲ್ರೂ ಹೇಳಿದ್ರು.”

ಕೊನೆಗೆ ಡಾಕ್ಟರಿಗೆ ತೋರಿಸುವುದೆಂದಾಯಿತು. ಅಪ್ಪ, ಅತ್ತಿಗೆ, ನಾನು ಸುಳ್ಯದ ಬಸ್ಸು ಹತ್ತಿದೆವು. ಮಾರ್ಗದ ಕೆಂಪು ಧೂಳು ಬಸ್ಸಿನ ಒಳಗೆ ನಮ್ಮ ಜೊತೆಗೇ ಪ್ರಯಾಣ ಮಾಡಿತು. ಇಳಿಯುವಾಗ ಮೂವರ ಹುಬ್ಬೂ ಕೆಂಪಾಗಿತ್ತು. ಅಪ್ಪ ಶಲ್ಯ ಕೊಡವಿ, “ಇದು ಮಣ್ಣು. ಮಣ್ಣು ಎಂತ ಮಾಡ್ತದೆ?” ಎಂದರು.

ಡಾಕ್ಟರು ಎದೆಗೆ ಕೊಳವೆ ಇಟ್ಟು, ಬೆನ್ನಿಗೆ ಇಟ್ಟು, ಪ್ರಶ್ನೆ ಶುರುಮಾಡಿದರು. ಅವರು ನೋಡುತ್ತಿದ್ದುದು ಅತ್ತಿಗೆಯನ್ನು, ಉತ್ತರಿಸುತ್ತಿದ್ದವರು ಅಪ್ಪ.

“ಎಲ್ಲಿ ಇರುದು?”

“ಮಂಡೆಕೋಲು, ಡಾಕ್ಟ್ರೇ.”

“ಒಳ್ಳೆ ಹವೆ. ಬೀಡಿ ಗೀಡಿ ಸೇದುದು ಉಂಟಾ?”

“ಹೆಂಗಸು, ಡಾಕ್ಟ್ರೇ!”

“ಕೇಳಿದ್ದು ಅಷ್ಟೆ. ಕೇಳ್ಬೇಕಾಗ್ತದೆ.”

“ಇವಳನ್ನು ಬೊಂಬಾಯಿಗೆ ಕಳಿಸ್ಬಹುದಾ?” ಎಂದರು ಅಪ್ಪ. ಅವರು ಬಂದದ್ದೇ ಈ ಪ್ರಶ್ನೆಗೆ.

“ಬೊಂಬಾಯಿಗಾ?” ಡಾಕ್ಟರು ತಲೆಯಾಡಿಸಿದರು. “ಈ ಎದೆ ಇಟ್ಕೊಂಡು ಬೇಡ. ಅಲ್ಲಿಯವರನ್ನೇ ನಾವು ಹವೆ ಬದಲಾವಣೆಗೆ ಊರಿಗೆ ಹೋಗಿ ಅಂತೇವೆ.”

“ಡಾಕ್ಟ್ರೇ, ನಮ್ಮ ಅಡಿಗೆ ಕೋಣೆಗೆ ಕಿಟಕಿ ಇಲ್ಲ,” ಎಂದೆ.

ಅವರು ಬರೆಯುವುದನ್ನು ನಿಲ್ಲಿಸಿ ನಕ್ಕರು. “ಕಿಟಕಿ ಇಲ್ಲದ್ದಕ್ಕೆ ನಾನು ಎಂತ ಮದ್ದು ಕೊಡುದು?”

ಕೆಂಪು ಬಣ್ಣದ ಒಂದು ಔಷಧ ಕೊಟ್ಟರು. ಹಿಂದಿರುಗುವಾಗ ಬಸ್ಸಿನಲ್ಲಿ ಅತ್ತಿಗೆ ನನ್ನ ಕಿವಿಯಲ್ಲಿ, “ಬೀಡಿ ಸೇದುದಾ ಅಂತ ಕೇಳಿದ್ರು. ಒಲೆ ಸೇದುದಾ ಅಂತ ಕೇಳಿದ್ರೆ ಹೌದು ಅಂತಿದ್ದೆ,” ಎಂದಳು. ಮುಂದಿನ ಸೀಟಿನಲ್ಲಿ ಅಪ್ಪ, ಡಾಕ್ಟರು ಎಷ್ಟು ಬುದ್ಧಿವಂತರೆಂದು ಪಕ್ಕದವರಿಗೆ ವಿವರಿಸುತ್ತಿದ್ದರು.

ಮಾತಿನಲ್ಲಿ ಸೋತ ಮೇಲೆ ವಸ್ತುಗಳನ್ನೇ ಮಾತಾಡಿಸಬೇಕೆಂದು ನಾನು ನಿಶ್ಚಯಿಸಿದೆ. ಅಣ್ಣನ ಹಳೆಯ ಬಿಳಿ ಪಂಚೆಯನ್ನು ಹರಿದು ಮೂರು ತುಂಡು ಮಾಡಿದೆ. ಧೂಳು ಅಂಟಲೆಂದು ತೆಂಗಿನೆಣ್ಣೆ ಸವರಿದೆ. ಒಂದನ್ನು ಜಗಲಿಯ ಕಂಬಕ್ಕೂ ಇನ್ನೊಂದನ್ನು ಅಡಿಗೆ ಕೋಣೆಯಲ್ಲಿ ಅತ್ತಿಗೆ ಕೂತಾಗ ಅವಳ ಮೂಗು ಬರುವಷ್ಟು ಎತ್ತರಕ್ಕೂ ಕಟ್ಟಿದೆ. ಮೂರನೆಯದು ಬೊಂಬಾಯಿಯ ಚಾಳಿನಲ್ಲಿ ತೂಗಬೇಕಿತ್ತು. ಹೋದ ಮೇಲೆ ಕಟ್ಟುತ್ತೇನೆಂದು ಅಣ್ಣ ಮಾತು ಕೊಟ್ಟ. ಅವನು ಆಗ ಬೇರೆ ಹಲವು ಮಾತುಗಳನ್ನೂ ಕೊಡುತ್ತಿದ್ದ. ತೀರ್ಪು ಹೇಳಲು ಮಾಸ್ಟ್ರನ್ನು ಒಪ್ಪಿಸಿದೆ. ಅಪ್ಪನಿಗೂ ಇದು ಮೋಜೆನಿಸಿತು. ಅವರು ಗೆಲ್ಲುವ ಖಾತ್ರಿಯಲ್ಲಿದ್ದರು.

ಒಂದು ವಾರದ ಮೇಲೆ ಸಂಜೆಯ ಕಾಫಿಗೆ ಎರಡೂ ಬಟ್ಟೆಗಳನ್ನು ಜಗಲಿಯಲ್ಲಿ ಹಾಸಿದೆ. ಕಂಬದ್ದು ಎಣ್ಣೆಯ ಹಳದಿಗೆ ತುಸು ಕೆಂಪಾಗಿತ್ತು. ಒಳಗಿನದ್ದು ದೋಸೆಕಲ್ಲಿನ ಅಡಿಯ ಹಾಗಿತ್ತು.

“ಇದು ಅಣ್ಣನ ಕರ್ಚೀಫಿಗಿಂತ ಕಪ್ಪು,” ಎಂದೆ.

“ಅದು ಗಾಳಿಯಲ್ಲಿ ಇದ್ದದ್ದಲ್ಲ, ಹೊಗೆಯಲ್ಲಿ ಇದ್ದದ್ದು,” ಎಂದರು ಅಪ್ಪ.

“ಅತ್ತಿಗೆ ಉಸಿರಾಡುದು ಯಾವುದನ್ನು?”

“ಮನೆಯ ಹೊಗೆ ಬೇರೆ, ಕಾರ್ಖಾನೆಯ ಹೊಗೆ ಬೇರೆ ಮಾರಾಯ್ತಿ. ಇದು ಕಟ್ಟಿಗೆದ್ದು, ತೆಂಗಿನ ಮಡಲಿದ್ದು. ನಮ್ಮ ಜಾಗೆಯಲ್ಲೇ ಬೆಳೆದದ್ದು.”

ಮಾಸ್ಟ್ರು ಬಟ್ಟೆಯನ್ನು ಬೆರಳಲ್ಲಿ ಮುಟ್ಟಿ, ಬೆರಳನ್ನು ನೋಡಿ, ಕಂಬಕ್ಕೆ ಒರೆಸಿದರು. “ಯಾರ ಜಾಗೆದ್ದು ಅಂತ ಎದೆಗೆ ಹೇಗೆ ಗೊತ್ತಾಗುದು ಮಾರಾಯ್ರೆ?”

ನನ್ನ ಜೀವಮಾನದಲ್ಲಿ ಕೇಳಿದ ಅತ್ಯುತ್ತಮ ಮಾತು ಅದು. ಆದರೆ ಮಾಸ್ಟ್ರಿಗೆ ನಾಳೆಯೂ ಕಾಫಿಗೆ ಬರುವುದಿತ್ತು. ಆದ್ದರಿಂದ ಗಂಟಲು ಸರಿಮಾಡಿಕೊಂಡು, ಎರಡೂ ಕಡೆ ಸತ್ಯವಿದೆ, ಅಡಿಗೆ ಕೋಣೆಗೆ ಒಂದು ಕಿಟಕಿ ಇಟ್ಟು ನೋಡಬಹುದು ಎಂದು ತೀರ್ಪು ಕೊಟ್ಟರು.

ಅಪ್ಪ ಪಕಾಸಿನ ಬಗ್ಗೆ, ಸೌತೆಕಾಯಿಯ ಬಗ್ಗೆ ತುಂಬ ಹೊತ್ತು ಮಾತಾಡಿದರು. ಕೊನೆಗೆ ಅಣ್ಣನಿಗೆ ಹೇಳಿದರು: “ಆಯ್ತು. ಕಿಟಕಿ ಇಡುವ. ಕೆಮ್ಮು ಕಡಿಮೆ ಆದ್ರೆ ಅವಳು ಇಲ್ಲೇ ಇರ್ಲಿ. ಆಗದಿದ್ರೆ ನೀನು ಕರ್ಕೊಂಡು ಹೋಗು. ಮತ್ತೆ ನಾನು ಎಂತದೂ ಹೇಳುದಿಲ್ಲ.”

ನಾನು ಒಳಗೆ ಓಡಿಹೋಗಿ ಅತ್ತಿಗೆಗೆ ಲೆಕ್ಕ ಬಿಡಿಸಿ ಹೇಳಿದೆ. ಕೆಮ್ಮು ಕಡಿಮೆಯಾದರೆ ಕಿಟಕಿ ಸಿಕ್ಕಿತು, ಆಗದಿದ್ದರೆ ಬೊಂಬಾಯಿ ಸಿಕ್ಕಿತು. ಯಾವ ದಾರಿಯಲ್ಲಿ ಹೋದರೂ ಗೆಲುವು ಅವಳದೇ. ಮೂರನೆಯ ದಾರಿ ಇಲ್ಲ. ಅತ್ತಿಗೆ ಊದುಕೊಳವೆ ಕೆಳಗಿಟ್ಟು, “ಮಾವ ಇದ್ದಾರಲ್ಲ, ಇನ್ನೊಂದು ದಾರಿ ಮಾಡ್ಯಾರು,” ಎಂದಳು. ಅವಳಿಗೆ ತರ್ಕ ಕಲಿಸಿದವರು ಯಾರೂ ಇರಲಿಲ್ಲ. ನಾನು ನಕ್ಕುಬಿಟ್ಟೆ.

ಕಿಟಕಿ ಎಲ್ಲಿ ಎಂಬುದನ್ನು ಅಪ್ಪನೇ ಗೊತ್ತುಮಾಡಿದರು. ಹಿತ್ತಲಿನ ಕಡೆ ಬಾಗಿಲಿನ ಪಕ್ಕ ಜಾಗವಿತ್ತು. ನಾನು ಅದನ್ನೇ ತೋರಿಸಿದೆ. ಅವರಿಗೆ ಜಗಲಿಯ ತುದಿಯ ಗೋಡೆಯೇ ಬೇಕಾಯಿತು. ಅಲ್ಲಿ ಅವರ ಆರಾಮಕುರ್ಚಿ ಇತ್ತು. ಕಿಟಕಿ ಅಲ್ಲಿದ್ದರೆ ಅತ್ತಿಗೆ ಬಾಗಿಲು ಸುತ್ತಿ ಬರಬೇಕಾಗಿಲ್ಲ, ಕೂತಲ್ಲಿಂದಲೇ ಕಾಫಿ ಚಾಚಬಹುದು. “ಅವಳಿಗೇ ಸುಲಭ,” ಎಂದರು. ಕಲ್ಲಿನ ಕೆಲಸದವನು ಬಂದು ಕೆಂಪುಕಲ್ಲುಗಳನ್ನು ತೆಗೆದ. ಮರದ ಚೌಕಟ್ಟನ್ನು ಆಮೇಲೆ ಮಾಡಿಸುವುದೆಂದು ಬಿಟ್ಟರು.

ಆ ಕೆಲವು ದಿನಗಳು ನನಗೆ ಚೆನ್ನಾಗಿ ನೆನಪಿವೆ. ಅಡಿಗೆ ಕೋಣೆಯ ಗೋಡೆಗೆ ಬಣ್ಣ ಇರುವುದು ಮೊದಲ ಸಲ ಕಂಡಿತು. ಅತ್ತಿಗೆ ತನ್ನ ತವರಿನ ಕಥೆಯೊಂದನ್ನು, ಹೊಳೆಗೆ ಬಿದ್ದ ಚಿಕ್ಕಪ್ಪನ ಕೊಡೆಯ ಕಥೆಯನ್ನು, ನಡುವೆ ಎಲ್ಲೂ ಕೆಮ್ಮದೆ ಕೊನೆಯ ತನಕ ಹೇಳಿದಳು. ಆ ಕಥೆ ಹೇಗೆ ಮುಗಿಯುತ್ತದೆಂದು ನನಗೆ ಅದುವರೆಗೆ ಗೊತ್ತೇ ಇರಲಿಲ್ಲ. ಅಪ್ಪನೂ ಸಂತೋಷದಲ್ಲಿದ್ದರು. ಬಂದವರಿಗೆಲ್ಲ ಕಿಟಕಿ ತೋರಿಸಿ, ಕೈ ಹಿಂದಕ್ಕೆ ಚಾಚಿ ಕಾಫಿ ತೆಗೆದುಕೊಂಡು, “ಹೋಟೆಲಿನ ಹಾಗೆ,” ಎನ್ನುತ್ತಿದ್ದರು.

ಆಮೇಲೆ ಒಂದು ಮಧ್ಯಾಹ್ನ ಮಳೆಗಾಲಕ್ಕೆ ಮುಂಚಿನ ಒಂದು ಮಳೆ ಬಂತು. ಹೊರಗಿದ್ದ ಕಟ್ಟಿಗೆ ಒದ್ದೆಯಾಯಿತು. ಮರುದಿನ ಬೆಳಿಗ್ಗೆ ಒಲೆ ಹಚ್ಚಿದಾಗ ಹೊಗೆ ಅಟ್ಟಕ್ಕೆ ಏರುವ ಹಳೆಯ ಪದ್ಧತಿ ಬಿಟ್ಟು ನೇರವಾಗಿ ಕಿಟಕಿಯಿಂದ ಹೊರಬಿದ್ದು, ಆರಾಮಕುರ್ಚಿಯಲ್ಲಿ ಕೂತವರನ್ನು ಮುಚ್ಚಿತು. ಅಪ್ಪ ಕೆಮ್ಮಿದರು.

ಆ ಕೆಮ್ಮು ಇಡೀ ಮನೆಗೆ ಕೇಳಿತು. ಅಣ್ಣ ಬೀಸಣಿಗೆ ಹಿಡಿದು ಓಡಿದ. ಮಾಸ್ಟ್ರು ಪಕ್ಕದ ಮನೆಯಿಂದ ಬಂದು ಬೆನ್ನು ಸವರಿದರು. ಶುಂಠಿ ಕಷಾಯ ಆಗಲಿ ಎಂದು ಯಾರೋ ಕೂಗಿದರು. ಕಷಾಯ ಕುದಿಸಲು ಅತ್ತಿಗೆ ಇನ್ನಷ್ಟು ಒದ್ದೆ ಕಟ್ಟಿಗೆ ಒಲೆಗಿಟ್ಟಳು. ಇನ್ನಷ್ಟು ಹೊಗೆ ಬಂತು. ಕುರ್ಚಿಯನ್ನು ಆಚೆಗೆ ಸರಿಸಬಹುದು ಎಂದು ನಾನು ಹೇಳಿದೆ. ಅಪ್ಪನ ಅಪ್ಪ ಕೂತ ಜಾಗವಂತೆ ಅದು. ಹಿತ್ತಲ ಕಡೆ ಇನ್ನೊಂದು ಕಿಟಕಿ ತೆಗೆಯಬಹುದು ಎಂದೆ. ಒಂದು ಗೋಡೆಯಲ್ಲಿ ಆದ ತೊಂದರೆ ಸಾಲದೇ ಎಂದರು. ಎರಡು ದಿನ ಕೆಮ್ಮಿ, ಮೂರನೆಯ ದಿನ ಕಲ್ಲಿನ ಕೆಲಸದವನಿಗೆ ಹೇಳಿಕಳಿಸಿದರು.

ಅವನು ತಾನೇ ತೆಗೆದ ಕಲ್ಲುಗಳನ್ನು ಒಂದೊಂದಾಗಿ ಮತ್ತೆ ಇಡತೊಡಗಿದ. ಅಪ್ಪ ಬಾಯಿಗೆ ಶಲ್ಯ ಹಿಡಿದು ಪಕ್ಕದಲ್ಲಿ ನಿಂತಿದ್ದರು. “ಬೇಗ ಬೇಗ ಮುಚ್ಚು ಮಾರಾಯ. ಇದು ಮನುಷ್ಯರು ಸೇವಿಸುವ ಹೊಗೆಯಾ? ಎದೆ ಸುಟ್ಟುಹೋಗ್ತದೆ.”

“ಅಪ್ಪ, ಕೆಮ್ಮು ಕಡಿಮೆ ಆಗದಿದ್ರೆ ಬೊಂಬಾಯಿಗೆ ಅಂತ ಹೇಳಿದ್ರಿ,” ಎಂದೆ.

“ಕಡಿಮೆ ಆಗಿದೆಯಲ್ಲ? ನೀನೇ ಎಲ್ಲರಿಗೂ ಹೇಳ್ತಾ ಇದ್ದಿ. ಮತ್ತೆ ಬೊಂಬಾಯಿ ಯಾಕೆ?”

“ಕಡಿಮೆ ಆದದ್ದು ಕಿಟಕಿಯಿಂದ.”

“ನನಗೆ ಜಾಸ್ತಿ ಆದದ್ದೂ ಕಿಟಕಿಯಿಂದ. ಅಲ್ಲಿಗೆ ಸರಿ ಆಯ್ತು.” ಅವರು ಶಲ್ಯದೊಳಗೆ ಇನ್ನೊಮ್ಮೆ ಕೆಮ್ಮಿದರು. “ಮತ್ತೆ, ಬೊಂಬಾಯಿಯಲ್ಲಿ ಇದೇ ಹೊಗೆ ಊರಿಡೀ ಉಂಟು. ಅಲ್ಲಿ ಯಾವ ಗೋಡೆ ಕಟ್ಟಿ ನಿಲ್ಲಿಸುದು? ಇಲ್ಲಿಯಾದ್ರೆ ಒಂದು ಕೋಣೆಯಲ್ಲಿ ಹಿಡಿದಿಡ್ಬಹುದು.”

ನಾನು ಅಣ್ಣನ ಕಡೆ ನೋಡಿದೆ. ಅವನು ಹೊರಡುವ ದಿನ ಹತ್ತಿರ ಬಂದಿತ್ತು. ಪೆಟ್ಟಿಗೆಯ ಹಗ್ಗ ಬಿಗಿಯುತ್ತಿದ್ದವನು, “ಮುಂದಿನ ವರ್ಷ ನೋಡುವ,” ಎಂದ, ಹಗ್ಗಕ್ಕೆ ಹೇಳಿದ ಹಾಗೆ.

ಕೊನೆಯ ಕಲ್ಲಿಗೆ ಮಾತ್ರ ಜಾಗ ಉಳಿದಿತ್ತು. ಆ ಸಂದಿಯಲ್ಲಿ ಅತ್ತಿಗೆಯ ಕೈ ಹೊರಗೆ ಬಂತು. ಕೈಯಲ್ಲಿ ಅಪ್ಪನ ಕಷಾಯದ ಲೋಟ. ಒಳಗೆ ಅವಳು ಕೆಮ್ಮುತ್ತಿದ್ದಳು. ಆದ್ದರಿಂದ ಲೋಟ ಅಲುಗುತ್ತಿತ್ತು. ಅಪ್ಪ ಚೆಲ್ಲದ ಹಾಗೆ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ಕೈ ಒಳಗೆ ಹೋಯಿತು. ಕೆಲಸದವನು ಕಲ್ಲು ಎತ್ತಿದ.

“ಅಪ್ಪ,” ಎಂದೆ, “ಇದು ಮನುಷ್ಯರು ಸೇವಿಸುವ ಹೊಗೆ ಅಲ್ಲ ಅಂತ ಹೇಳಿದ್ದು ನಾನಲ್ಲ, ನೀವು. ಹಾಗಾದ್ರೆ ಈ ಗೋಡೆಯ ಆಚೆ ಕೂತವಳು ಯಾರು?”